ದೂರದರ್ಶನ ತೆಗೆದಿರಿ, ಕೇಳಲು ಬಂದರೆ ನನ್ನ ಪಕ್ಷ ಯಾವುದು ಅಂದಿರಿ

ಇವರಿಗೆ,
ವ್ಯವಸ್ಥಾಪಕರು,
ಕೇಬಲ್ ಟಿವಿ ವಿಭಾಗ, ಹುಬ್ಬಳ್ಳಿ ಕಚೇರಿ

ವಿಷಯ: ಡಿಡಿ ನ್ಯೂಸ್, ಚಂದನ ಮತ್ತು ಸಂಸದ್ ಟಿವಿ ಕಿತ್ತುಹಾಕಿದ ಬಗ್ಗೆ, ಹಾಗೂ ನಿಮ್ಮ ಕೌಂಟರಿನಲ್ಲಿ ಆದ ಅವಮಾನದ ಬಗ್ಗೆ ದೂರು

ಮಾನ್ಯರೇ,

ಈ ಪತ್ರಕ್ಕೂ ಮೊದಲು ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಏಳನೆಯ ಸಲ ನಾನೇ ನಿಮ್ಮ ಕಚೇರಿಗೆ ಬಂದೆ. ಅಲ್ಲಿ ಆದದ್ದಾದ ಮೇಲೆ ಮತ್ತೆ ಫೋನ್ ಮಾಡುವ ಮನಸ್ಸು ಉಳಿದಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಹನ್ನೊಂದು ವರ್ಷದಿಂದ ನಿಮ್ಮದೇ ಕೇಬಲ್. ಒಂದು ತಿಂಗಳೂ ದುಡ್ಡು ತಡ ಮಾಡಿಲ್ಲ. ಜುಲೈ ಕೊನೆಯ ವಾರ ಒಂದು ಸಂಜೆ ಡಿಡಿ ನ್ಯೂಸ್ ಹಾಕಿದರೆ ಆ ನಂಬರಿನಲ್ಲಿ ಬಾಣಲೆ ಮಾರುವ ಚಾನೆಲ್ ಬಂತು. ಚಂದನ ಹುಡುಕಿದೆ, ಇಲ್ಲ. ಸಂಸದ್ ಟಿವಿ ಹುಡುಕಿದೆ, ಅದೂ ಇಲ್ಲ. ಜಡಿಮಳೆ ಹಿಡಿದಿತ್ತು, ಸಿಗ್ನಲ್ ಹೋಗಿರಬೇಕು ಅಂತ ಎರಡು ದಿನ ಸುಮ್ನೆ ಇದ್ದೆ. ಆದರೆ ಉಳಿದ ಚಾನೆಲ್‌ಗಳೆಲ್ಲ ಚೆನ್ನಾಗಿಯೇ ಬರುತ್ತಿದ್ದವು.

ನಮ್ಮ ಯಜಮಾನರಿಗೆ ಗ್ಲಾಕೋಮಾ. ನಾಲ್ಕು ವರ್ಷದಿಂದ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅವರು ಟಿವಿ ನೋಡುವುದಿಲ್ಲ, ಕೇಳುತ್ತಾರೆ. ಬೇರೆ ಚಾನೆಲ್‌ಗಳಲ್ಲಿ ಎಂಟು ಜನ ಒಟ್ಟಿಗೆ ಕೂಗಿದರೆ ಯಾರು ಏನಂದರು ಅಂತ ಅವರಿಗೆ ತಿಳಿಯುವುದೇ ಇಲ್ಲ. ದೂರದರ್ಶನದಲ್ಲಿ ಒಬ್ಬರು ನಿಧಾನಕ್ಕೆ ಓದುತ್ತಾರೆ. ಒಂದು ಸುದ್ದಿ ಮುಗಿದ ಮೇಲೆ ಇನ್ನೊಂದು. ಸಂಜೆ ಆ ಹೊತ್ತಿಗೆ ಸಪ್ತಾಪುರದಿಂದ ನನ್ನ ಮೈದುನನೂ ಬರುತ್ತಾನೆ. ವಾರ್ತೆ ಮುಗಿಯುತ್ತಲೇ ಅಣ್ಣ ತಮ್ಮ ಇಬ್ಬರಿಗೂ ವಾದ ಶುರು. ವಾದ ಯಾವುದರ ಮೇಲೆ ಗೊತ್ತಾ? ಆ ವಾರ್ತೆಯ ಮೇಲೆಯೇ.

ಯಜಮಾನರ ಪ್ರಕಾರ ದೂರದರ್ಶನ ಸರ್ಕಾರದ ತುತ್ತೂರಿ. 2014ರ ಅಕ್ಟೋಬರಿನಲ್ಲಿ ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣವನ್ನು ನೇರವಾಗಿ ತೋರಿಸಿದ್ದನ್ನು ಅವರು ಇನ್ನೂ ಮರೆತಿಲ್ಲ. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಆಗಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣ ಪ್ರಸಾರ ಮಾಡಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಸಿಪಿಎಂ ನಾಯಕ ಸೀತಾರಾಂ ಯೆಚೂರಿಯವರ ಭಾಷಣದಿಂದ ಕೆಲವು ಮಾತು ತೆಗೆಸಿದರು. ಅದೇ ಚುನಾವಣೆ ನಡೆಯುತ್ತಿರುವಾಗಲೇ ಡಿಡಿ ನ್ಯೂಸ್ ಲೋಗೋ ಕೆಂಪಿನಿಂದ ಕೇಸರಿಗೆ ಬಂತು. ದೂರದರ್ಶನ, ಆಕಾಶವಾಣಿ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಮಾಜಿ ಸಿಇಒ ಜವಹರ್ ಸರ್ಕಾರ್ ಅವರೇ ಅದನ್ನು ಟೀಕಿಸಿದರು. ಯಜಮಾನರು ಇದನ್ನೆಲ್ಲ ಬೆರಳು ಮಡಚಿ ಎಣಿಸುತ್ತಾರೆ.

ಮೈದುನ ಬಿಡುವುದಿಲ್ಲ. 2014ರ ಚುನಾವಣೆ ಹೊತ್ತಿಗೆ ಮೋದಿಯವರ ಸಂದರ್ಶನದ ಕೆಲವು ಭಾಗ ದೂರದರ್ಶನದಲ್ಲಿ ಕತ್ತರಿ ಬಿತ್ತಲ್ಲ, ಆಗ ದಿಲ್ಲಿಯಲ್ಲಿ ಇದ್ದದ್ದು ಯಾರ ಸರ್ಕಾರ ಅಂತ ಕೇಳುತ್ತಾನೆ. ಬಣ್ಣ ಏನೇ ಇರಲಿ, ಮಳೆ, ಬೆಳೆ, ಸಂಸತ್ತು ಅಂತ ಕಿರುಚಾಟವಿಲ್ಲದೆ ಹೇಳುವವರು ಬೇರೆ ಯಾರಿದ್ದಾರೆ ತೋರಿಸು ಅನ್ನುತ್ತಾನೆ. ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನಿಸುತ್ತದೆ. ತುರ್ತು ಪರಿಸ್ಥಿತಿಯಲ್ಲಿ ನಾನು ಹದಿನೇಳರ ಹುಡುಗಿ. ಜನ ಆಗ ಆಲ್ ಇಂಡಿಯಾ ರೇಡಿಯೋವನ್ನು ಆಲ್ ಇಂದಿರಾ ರೇಡಿಯೋ ಅನ್ನುತ್ತಿದ್ದರು. ನಮ್ಮಪ್ಪನೂ ಅನ್ನುತ್ತಿದ್ದರು. ಆದರೆ ಬೆಳಗಾದರೆ ಧಾರವಾಡ ಕೇಂದ್ರ ಹಚ್ಚದೆ ಚಹಾ ಕುಡಿಯುತ್ತಿರಲಿಲ್ಲ. 1950ರಲ್ಲಿ ನಮ್ಮೂರಿಗೆ ಬಂದ ಆಕಾಶವಾಣಿ ಅದು. ಬೇಂದ್ರೆಯವರು ಸಲಹೆಗಾರರಾಗಿ ಕೂತಿದ್ದ ಜಾಗ. ಅದು ನಮ್ಮದು ಅಂತಲೇ ಅಪ್ಪ ಅದನ್ನು ಬೈಯುತ್ತಿದ್ದರು.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಪಾಸಾಯಿತು, ಜಾರಿಗೆ ಬರುವ ಹೊತ್ತಿಗೆ 1997 ಬಂತು. ಅದರ 12ನೇ ಸೆಕ್ಷನ್ ಅನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಜನರಿಗೆ ಸತ್ಯವಾದ ಸುದ್ದಿ ಸಿಗಬೇಕು, ಬೇರೆ ಬೇರೆ ಅಭಿಪ್ರಾಯಗಳೂ ಅದರಲ್ಲಿ ಇರಬೇಕು, ತನ್ನದೇ ಒಂದು ಸಿದ್ಧಾಂತವನ್ನು ಅದು ಸಾರಬಾರದು ಅಂತ ಅಲ್ಲಿದೆ. ಅಲ್ಲಿ ಬರೆದಂತೆ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಮೊದಲು ಆ ಚಾನೆಲ್ ನಮ್ಮ ಮನೆಗೆ ಬರಬೇಕು, ಅಲ್ವಾ? ಈಗ ಏನಾಗಿದೆ ಅಂದರೆ, ಮೈದುನನಿಗೆ ವಾಟ್ಸಾಪಿನಲ್ಲಿ ಯಾರೋ ಕತ್ತರಿಸಿದ ಒಂದು ನಿಮಿಷದ ತುಣುಕು ಬರುತ್ತದೆ. ಯಜಮಾನರಿಗೆ ಇನ್ನೊಬ್ಬರು ಇನ್ನೊಂದು ತುಣುಕು ಕೇಳಿಸುತ್ತಾರೆ. ಪೂರ್ತಿ ವಾರ್ತೆ ಇಬ್ಬರೂ ಕೇಳಿಲ್ಲ. ಮೊದಲು ವಾದ ಮಾಡುತ್ತಿದ್ದವರು ಈಗ ಜಗಳ ಆಡುತ್ತಾರೆ. ಆಗಸ್ಟಿನಲ್ಲಿ ಒಂದು ವಾರ ಮೈದುನ ನಮ್ಮ ಮನೆಗೆ ಬರಲೇ ಇಲ್ಲ.

ಈಗ ಸೆಪ್ಟೆಂಬರ್ 9ರ ವಿಷಯಕ್ಕೆ ಬರುತ್ತೇನೆ. ಇದನ್ನು ನೀವು ಪೂರ್ತಿ ಓದಬೇಕು.

ಆ ದಿನ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಬಂದೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಿಮ್ಮ ಕಚೇರಿಯಲ್ಲಿದ್ದೆ. ಟೋಕನ್ ನಂಬರ್ 14 ಕೊಟ್ಟರು. ಇದ್ದ ನಾಲ್ಕು ಕುರ್ಚಿಯೂ ತುಂಬಿದ್ದವು. ಗೋಡೆ ಹಿಡಿದು ಮುಕ್ಕಾಲು ಗಂಟೆ ನಿಂತೆ. ಅದಕ್ಕೆ ನನ್ನ ಬೇಸರವಿಲ್ಲ. ನನ್ನ ಕೈಯಲ್ಲಿ ಒಂದು ಹಾಳೆ ಇತ್ತು. ಯಾವ ಯಾವ ಚಾನೆಲ್ ಯಾವ ತಾರೀಕಿನಿಂದ ಇಲ್ಲ, ಯಾವ ದಿನ ಫೋನ್ ಮಾಡಿದೆ, ಏನು ಉತ್ತರ ಬಂತು, ಎಲ್ಲವನ್ನೂ ಹಿಂದಿನ ರಾತ್ರಿ ಕೂತು ಚೆಂದಾಗಿ ಬರೆದಿದ್ದೆ.

ಕೌಂಟರಿನ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ: "ಏನ್ ಬೇಕಿತ್ರಿ ಅಮ್ಮಾರ?"

"ಡಿಡಿ ನ್ಯೂಸ್, ಚಂದನ ಬರವಲ್ದು. ಒಂದೂವರೆ ತಿಂಗಳಾತು" ಅಂದೆ.

"ಅದನ್ಯಾರು ನೋಡ್ತಾರ್ರಿ ಈಗ?"

"ನಾವು ನೋಡ್ತೀವಿ" ಅಂದೆ.

"ಹಂಗಾದ್ರ ನ್ಯೂಸ್ ಪ್ಯಾಕ್ ಹಾಕಿಸ್ಕೊಳ್ರಿ. ತಿಂಗಳಿಗೆ 45 ರೂಪಾಯಿ ಜಾಸ್ತಿ ಆಗ್ತದ."

ಅವು ಉಚಿತ ಚಾನೆಲ್, ಅವಕ್ಕೆ ದುಡ್ಡು ಕೇಳುವ ಹಾಗಿಲ್ಲ, ಕಾಯ್ದೆ ಪ್ರಕಾರ ನೀವು ಕೊಡಲೇಬೇಕು ಅಂತ ಹೇಳಿದೆ. ಆಗ ಅವನು ಹಿಂದೆ ಕೂತಿದ್ದ ಸೂಪರ್‌ವೈಸರನ್ನು ಕರೆದ. ಆ ಮನುಷ್ಯ ಎದ್ದು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೊದಲು ಕೇಳಿದ್ದು ಇದು: "ಮನಿಯಾಗ ಗಂಡಸರು ಯಾರೂ ಇಲ್ಲೇನ್ರಿ?"

ಇದ್ದಾರೆ, ಅವರಿಗೆ ಕಣ್ಣು ಕಾಣುವುದಿಲ್ಲ ಅಂದೆ. ಅದಕ್ಕೆ ಅವರು, "ಕಣ್ಣು ಕಾಣ್ದವರಿಗೆ ಟಿವಿ ಯಾಕ್ರಿ ಮತ್ತ?" ಅಂದರು. ಈ ಮಾತು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಆಮೇಲೆ ಕೌಂಟರಿಗೆ ಒರಗಿ, ಎಲ್ಲರಿಗೂ ಕೇಳುವ ಹಾಗೆ, "ನೀವು ಮೋದಿ ಕಡೆಯವರೇನ್ರಿ?" ಅಂದರು. ನಾನು ಯಾರ ಕಡೆಯವಳೂ ಅಲ್ಲ ಅಂದೆ. "ಹಂಗಾದ್ರ ಬೈಯಾಕ ಬೇಕಾಗೇತಿ, ಕಾಂಗ್ರೆಸ್ಸಿನವರು ಇರಬೇಕು!" ಅಂದು ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ಮೂವತ್ತೊಂದು ವರ್ಷ ನಾನು ಬಾಯಿ ತೆರೆದರೆ ಐವತ್ತು ಮಕ್ಕಳು ಸುಮ್ಮನೆ ಕೂತು ಕೇಳುತ್ತಿದ್ದರು. ಹಾಗೆ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ದೂರಿನ ನಂಬರ್ ಕೊಡಿ ಅಂದೆ. "ಸಿಸ್ಟಮ್ ಡೌನ್ ಅದ" ಅಂದರು. ಅದೇ ಹೊತ್ತಿಗೆ ಹುಡುಗ ಪಕ್ಕದ ಗ್ರಾಹಕರಿಗೆ ರೀಚಾರ್ಜ್ ಮಾಡಿ ರಸೀದಿ ಕೊಡುತ್ತಿದ್ದ. ಕೊನೆಗೆ ನನ್ನ ಹಾಳೆಯನ್ನಾದರೂ ಇಟ್ಟುಕೊಳ್ಳಿ ಅಂತ ಮುಂದಿಟ್ಟೆ. ಹುಡುಗ ಅದನ್ನು ಬೋರಲು ಹಾಕಿ, ನನ್ನ ಹಿಂದೆ ನಿಂತವರ ಬಾಕ್ಸ್ ನಂಬರನ್ನು ಅದರ ಬೆನ್ನಿಗೆ ಬರೆದುಕೊಂಡ. ನನ್ನ ಕಣ್ಣೆದುರಿಗೇ. ಬರೆದು, ಆ ತುಂಡನ್ನು ಹರಿದುಕೊಂಡು ಉಳಿದದ್ದನ್ನು ನನ್ನ ಕಡೆ ತಳ್ಳಿದ. ಆ ಹರಿದ ಹಾಳೆ ನನ್ನ ಹತ್ತಿರವಿದೆ. ಅದರ ಜೆರಾಕ್ಸ್ ಈ ಪತ್ರಕ್ಕೆ ಲಗತ್ತಿಸಿದ್ದೇನೆ.

ಹೊರಗೆ ಬರುವಾಗ ಸೂಪರ್‌ವೈಸರ್ ಕೂಗಿ ಹೇಳಿದರು: "ಬ್ಯಾಡಾದ್ರ ಬಾಕ್ಸ್ ತಂದು ಕೊಡ್ರಿ, ನಮಗೇನು ಒಂದ್ ಮನಿಯಿಂದ ನಷ್ಟ ಇಲ್ಲ." ವಾಪಸ್ ಬಸ್ಸಿನಲ್ಲಿ ಉಣಕಲ್ ದಾಟುವವರೆಗೆ ನಾನು ತಲೆ ಎತ್ತಲಿಲ್ಲ. ಮನೆಗೆ ಬಂದು ಯಜಮಾನರಿಗೆ ಕಚೇರಿ ಮುಚ್ಚಿತ್ತು ಅಂತ ಸುಳ್ಳು ಹೇಳಿದೆ.

ಇನ್ನು ಕಾಯ್ದೆಯ ಮಾತು. ಇದು ನಿಮಗೆ ಗೊತ್ತೇ ಇದೆ. ನಿಮ್ಮ ಲೈನ್ ನಡೆಯುತ್ತಿರುವುದೇ ಇದರ ಕೆಳಗೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸರ್ಕಾರ ಸೂಚಿಸಿದ ದೂರದರ್ಶನ ಮತ್ತು ಸಂಸತ್ತಿನ ಚಾನೆಲ್‌ಗಳನ್ನು ಪ್ರತಿಯೊಬ್ಬ ಕೇಬಲ್‌ನವರೂ ಕೊಡಲೇಬೇಕು. ಅದರ ಒಂದು ಕಾರ್ಯಕ್ರಮವನ್ನೂ ತೆಗೆಯುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ನೀವು ಮೂರು ಚಾನೆಲ್ಲನ್ನೇ ತೆಗೆದಿದ್ದೀರಿ. ಟಿವಿ, ಫೋನ್ ಸೇವೆಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ 2020ರ ಜನವರಿಯಲ್ಲಿ 130 ರೂಪಾಯಿಗೆ 200 ಚಾನೆಲ್ ಅಂತ ನಿಯಮ ಮಾಡಿದಾಗ, ಕಡ್ಡಾಯ ಚಾನೆಲ್‌ಗಳನ್ನು ಆ 200ರ ಲೆಕ್ಕಕ್ಕೆ ಸೇರಿಸಬಾರದು ಅಂತಲೂ ಹೇಳಿತ್ತು. ಅವನ್ನು ಪ್ಯಾಕ್ ಮಾಡಿ 45 ರೂಪಾಯಿಗೆ ಮಾರಿ ಅಂತ ಯಾವ ನಿಯಮವೂ ನಿಮಗೆ ಹೇಳಿಲ್ಲ.

ದೂರದರ್ಶನ ಸರಿಯಾಗಿ ನಡೆದುಕೊಳ್ಳುತ್ತಿದೆಯೋ ಇಲ್ಲವೋ ಅನ್ನುವುದು ದೇಶದ ವಾದ. ಸಂಸತ್ತಿನಲ್ಲೂ ನಡೆಯಲಿ, ನಮ್ಮ ಪಡಸಾಲೆಯಲ್ಲೂ ನಡೆಯಲಿ. ನಿಮ್ಮ ಕೌಂಟರಿನಲ್ಲಿ ಅದನ್ನು ತೀರ್ಮಾನ ಮಾಡುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಅದು ಜನರ ತೆರಿಗೆಯಿಂದ ನಡೆಯುವ ಚಾನೆಲ್. ಅದನ್ನು ಹೊಗಳುವವರಿಗೆ ಎಷ್ಟು ಹಕ್ಕಿದೆಯೋ ಬೈಯುವವರಿಗೂ ಅಷ್ಟೇ ಹಕ್ಕಿದೆ. ಚಾನೆಲ್ ಕೇಳಿದ ಗ್ರಾಹಕರ ಪಕ್ಷ ಕೇಳುವುದು ನಿಮ್ಮ ಕೆಲಸವಲ್ಲ.

ಈ ಪತ್ರ ತಲುಪಿದ ಏಳು ದಿನದೊಳಗೆ ಮೂರೂ ಚಾನೆಲ್ ವಾಪಸ್ ಬರಬೇಕು. ಆ ಸೂಪರ್‌ವೈಸರ್ ನನ್ನ ಯಜಮಾನರಿಗೆ ಲಿಖಿತವಾಗಿ ಕ್ಷಮೆ ಕೇಳಬೇಕು. ನನಗೆ ಕೇಳದಿದ್ದರೂ ನಡೆಯುತ್ತದೆ, ಅವರಿಗೆ ಕೇಳಲೇಬೇಕು.

ಎಂಟನೆಯ ದಿನ ನಾನು ಕಾಯುವುದಿಲ್ಲ. ಈ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯೂ ಪೊಲೀಸ್ ಕಮಿಷನರೂ ಅಧಿಕೃತ ಅಧಿಕಾರಿಗಳು. 8ನೇ ಸೆಕ್ಷನ್ ಮುರಿದವರ ಉಪಕರಣ ವಶಪಡಿಸಿಕೊಳ್ಳುವ ಅಧಿಕಾರ 11ನೇ ಸೆಕ್ಷನ್‌ನಲ್ಲಿ ಅವರಿಗಿದೆ. ಇಬ್ಬರಿಗೂ ಅರ್ಜಿ ಬರೆದು ಮುಗಿಸಿದ್ದೇನೆ, ತಾರೀಕು ಹಾಕುವುದೊಂದೇ ಬಾಕಿ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ನನ್ನಂಥ ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಮತ್ತೆ ನಮ್ಮ ಓಣಿಯ ವಿಷಯ. ನಿಮ್ಮ ಕೇಬಲ್ ಇರುವ ಹದಿನಾಲ್ಕು ಮನೆಗೂ ಹೋಗಿ ಮಾತಾಡಿದ್ದೇನೆ. ಅವುಗಳಲ್ಲಿ ಆರು ಮನೆಯ ಮಕ್ಕಳು ನನ್ನ ಹತ್ತಿರವೇ ಓದಿದವರು. ದೂರದರ್ಶನದವರದೇ ಆದ ಡಿಡಿ ಫ್ರೀ ಡಿಶ್ ಒಮ್ಮೆ ಹಾಕಿಸಿದರೆ ತಿಂಗಳ ದುಡ್ಡು ಇಲ್ಲ ಅಂತ ಅವರಿಗೆಲ್ಲ ಈಗ ಗೊತ್ತು. ಒಂಬತ್ತು ಮನೆಯವರು ಆಗಲೇ ಹೂಂ ಅಂದಿದ್ದಾರೆ. ಒಂದು ಮನೆಯಿಂದ ನಷ್ಟವಿಲ್ಲ ಅಂದರಲ್ಲ ನಿಮ್ಮವರು. ನಾನು ಒಂದು ಬಾಕ್ಸ್ ತರುವುದಿಲ್ಲ. ಹತ್ತು ಬಾಕ್ಸ್ ಆಟೋದಲ್ಲಿ ಹಾಕಿಕೊಂಡು ಅದೇ ಕೌಂಟರಿಗೆ ಬರುತ್ತೇನೆ. ಒಂದೊಂದಕ್ಕೂ ರಸೀದಿ ಬರೆಸಿಕೊಳ್ಳದೆ ಅಲ್ಲಿಂದ ಏಳುವುದಿಲ್ಲ.

ಇಂತಿ,
ನಿಮ್ಮ ಹನ್ನೊಂದು ವರ್ಷದ ಗ್ರಾಹಕಿ,
ಮಾಳಮಡ್ಡಿ, ಧಾರವಾಡ