ತಾತನ ಫೈಲು

ಪ್ರೀತಿಯ ಪುಟ್ಟಿ,

ನಾಳೆ ನಿನಗೆ ವಕೀಲಿಕೆಯ ಸನ್ನದು ಸಿಗುತ್ತದೆ. ನಿನ್ನ ಕರಿ ಕೋಟಿಗೆ ಅಮ್ಮ ಆಗಲೇ ಎರಡು ಸಲ ಇಸ್ತ್ರಿ ಹಾಕಿದ್ದಾಳೆ. ಎದುರು ನಿಂತು ಹೇಳೋಕೆ ಹೋದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆದು ನಿನ್ನ ಬ್ಯಾಗಿನಲ್ಲಿ ಇಡುತ್ತಿದ್ದೇನೆ.

ತಾತನ ಮನೆ ಕೇಸು ಸೋತೆವು ಅಂತ ನಿನಗೆ ಗೊತ್ತು. ಹೇಗೆ ಸೋತೆವು ಅಂತ ನಾನು ಯಾವತ್ತೂ ಹೇಳಲಿಲ್ಲ.

ಅದು 2004. ನಮ್ಮ ವಕೀಲರು ವಾಯಿದೆಗೆ ಬರುವುದನ್ನೇ ಬಿಟ್ಟಿದ್ದರು. ಬೇರೆಯವರಿಗೆ ವಕಾಲತ್ತು ಕೊಡೋಣ ಅಂತ ಫೈಲು ಕೇಳಲು ಹೋದೆವು. ‘ಬಾಕಿ ಫೀಸು ಇಟ್ಟು ತಗೊಂಡು ಹೋಗಿ’ ಅಂದರು. 12,000 ರೂಪಾಯಿ. ಫೈಲು ಅವರ ಮೇಜಿನ ಮೇಲೇ ಇತ್ತು. ಬಿಳಿ ದಾರ ಕಟ್ಟಿತ್ತು, ಮೇಲೆ ತಾತನ ಹೆಸರು. ತಾತ ಕೈ ಚಾಚಿದರು. ವಕೀಲರು ಅದನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಯ ಕ್ರಯಪತ್ರ ಅದರೊಳಗೇ ಇತ್ತು. ಮೈಸೂರು ಬ್ಯಾಂಕ್ ಸರ್ಕಲ್‌ವರೆಗೂ ತಾತ ಒಂದು ಮಾತು ಆಡಲಿಲ್ಲ. ನಾನು ದುಡ್ಡು ಹೊಂದಿಸುವಷ್ಟರಲ್ಲಿ ಕೇಸು ವಜಾ ಆಗಿತ್ತು. ಮತ್ತೆ ತೆರೆಸಲು ಇರುವ 30 ದಿನವೂ ಮುಗಿದಿತ್ತು.

ಹೋದ ತಿಂಗಳು ನೀನು ಓದುತ್ತಾ ಹೇಳಿದೆಯಲ್ಲ, ಫೀಸು ಬಾಕಿ ಅಂತ ಒಂದು ಬ್ಯಾಂಕಿನ ಫೈಲುಗಳನ್ನು ಹಿಡಿದಿಟ್ಟುಕೊಂಡ ವಕೀಲರ ವಿಷಯ. ಫೀಸು ವಸೂಲಿಗೆ ಬೇರೆ ದಾರಿ ಇದೆ, ಕಕ್ಷಿದಾರರ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತ್ತು. ನಮಗೆ ಹಾಗಾಗುವ ನಾಲ್ಕು ವರ್ಷ ಮುಂಚೆ! ರಾಜ್ಯ ವಕೀಲರ ಪರಿಷತ್ತಿಗೆ ಒಂದು ದೂರು ಕೊಡಬಹುದಿತ್ತು. ಅಲ್ಲಿ ಮೂರು ಜನರ ಶಿಸ್ತು ಸಮಿತಿ ಇದೆ, ಛೀಮಾರಿ ಹಾಕಬಹುದು, ಸನ್ನದು ಅಮಾನತಿನಲ್ಲಿಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು ಅಂತಲೂ ನೀನು ಹೇಳಿದೆ. 1961ರ ವಕೀಲರ ಕಾಯ್ದೆಯಲ್ಲೇ ಇದೆಯಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ ಪುಟ್ಟಿ. ಆ ಕೋರ್ಟಿನ ಆವರಣದಲ್ಲಿ ಕರಿ ಕೋಟು ಹಾಕಿದವರು ಅಷ್ಟು ಜನ ಓಡಾಡುತ್ತಿದ್ದರು. ಒಬ್ಬರಾದರೂ ಹೇಳಬಹುದಿತ್ತು, ಅಲ್ವಾ?

ನಾನು 31 ವರ್ಷ ಕಂಡಕ್ಟರ್ ಆಗಿದ್ದವನು. ಡ್ಯೂಟಿ ಹತ್ತುವ ಮೊದಲು ಜೇಬಿನಲ್ಲಿ ನನ್ನ ಸ್ವಂತ ದುಡ್ಡು ಎಷ್ಟಿದೆ ಅಂತ ವೇಬಿಲ್‌ನಲ್ಲಿ ಬರೆಯಬೇಕಿತ್ತು. ಇಪ್ಪತ್ತು ರೂಪಾಯಿ ಇದ್ದರೂ ಬರೆಯಬೇಕು. ಬ್ಯಾಗಿನ ದುಡ್ಡು ಬೇರೆ, ಜೇಬಿನ ದುಡ್ಡು ಬೇರೆ. ನಿಮ್ಮ ನಿಯಮದಲ್ಲೂ ಹಾಗೇ ಇದೆ ಅಂತ ನೀನೇ ಓದಿ ಹೇಳಿದೆ. ಕಕ್ಷಿದಾರರು ಕೊಟ್ಟ ಹಣದಲ್ಲಿ ಫೀಸಿಗೆ ಎಷ್ಟು, ಖರ್ಚಿಗೆ ಎಷ್ಟು ಅಂತ ಲೆಕ್ಕ ಇಡಬೇಕು ಅಂತ. ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ಮೊದಲ ಕಕ್ಷಿದಾರರಿಂದಲೇ ಶುರು ಮಾಡು. ಸೀನಿಯರ್ ಆಫೀಸಿನಲ್ಲಿ ಯಾರೂ ಹಾಗೆ ಬರೆಯುವುದಿಲ್ಲ ಅಂದರೂ ನೀನು ಬರಿ. ಫೀಸು ಕೊಡದೆ ಹೋಗುವವರು ಇದ್ದೇ ಇರುತ್ತಾರೆ. ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೂ ಅವರ ಕಾಗದ ಅವರ ಕೈಗೆ ಕೊಟ್ಟು ಕಳಿಸು.

ಆ 12,000 ಕಟ್ಟಿ ತಾತನ ಫೈಲು ಬಿಡಿಸಿಕೊಂಡು ಬಂದಿದ್ದೆ. ಅಷ್ಟು ಹೊತ್ತಿಗೆ ಅದರಿಂದ ಏನೂ ಆಗುವ ಹಾಗಿರಲಿಲ್ಲ. ತಾತ ಅದರ ದಾರ ಬಿಚ್ಚಲೇ ಇಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿ ಹಾಗೇ ಇದೆ. ನಾಳೆ ಸಂಜೆ ನೀನು ಬಂದ ಮೇಲೆ ಇಳಿಸಿ ಕೊಡುತ್ತೇನೆ. ನೀನೇ ಬಿಚ್ಚು.

ನಿನ್ನ ಅಪ್ಪ