ಕ್ಲಬ್ ಮುಚ್ಚುವುದಕ್ಕೂ ನಿಯಮವಿರಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದ 1996–97ರಲ್ಲಿ ಮೊದಲ ಪ್ರಶಸ್ತಿ ಗೆದ್ದದ್ದು ಕೋಲ್ಕತ್ತದ ತಂಡವೂ ಅಲ್ಲ, ಗೋವಾದ ತಂಡವೂ ಅಲ್ಲ. ಪಂಜಾಬಿನ ಫಗ್ವಾರದ ಬಟ್ಟೆ ಗಿರಣಿಯೊಂದು ಸಾಕಿ ಬೆಳೆಸಿದ ಜೆಸಿಟಿ. ಆ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಬೈಚುಂಗ್ ಭುಟಿಯಾ ಅದೇ ತಂಡದವರು. 2005ರಿಂದ 2008ರವರೆಗೆ, ಮುಂದೆ ಭಾರತ ತಂಡದ ನಾಯಕರಾದ ಸುನಿಲ್ ಚೆಟ್ರಿ ಆಡಿ ಪಳಗಿದ್ದೂ ಅಲ್ಲಿಯೇ. ಅಂಥ ತಂಡ, ರಾಷ್ಟ್ರೀಯ ಲೀಗ್‌ನ ಜಾಗಕ್ಕೆ ಬಂದಿದ್ದ ಐ-ಲೀಗ್‌ನ 2010–11ರ 26 ಪಂದ್ಯಗಳನ್ನು ಆಡಿ ಮುಗಿಸುವಷ್ಟರಲ್ಲಿ ಕೆಳಗಿನ ಡಿವಿಷನ್‌ಗೆ ಜಾರಿತ್ತು. ಸೋತವರು ಇಳಿಯುವುದು ಆಟದಲ್ಲಿ ಇದ್ದದ್ದೇ, ಗೆದ್ದು ಮತ್ತೆ ಮೇಲೇರುವ ದಾರಿಯೂ ತೆರೆದಿತ್ತು. ಆದರೆ 2011ರ ಜೂನ್‌ನಲ್ಲಿ, ಟಿ.ವಿ.ಯಲ್ಲಿ ಸಾಕಷ್ಟು ಪ್ರಚಾರ ಸಿಗದ ಆಟಕ್ಕೆ ಹಣ ಹೂಡಲಾಗದೆಂದು ಹೇಳಿ ಕಂಪನಿ ತಂಡವನ್ನೇ ವಿಸರ್ಜಿಸಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 2005–06ರ ಚಾಂಪಿಯನ್ ಮಹೀಂದ್ರ ಯುನೈಟೆಡ್ ಕೂಡ ಹೀಗೆಯೇ ಮುಚ್ಚಿತ್ತು.

ಫಗ್ವಾರದ ಈ ಕಥೆ ಬಳ್ಳಾರಿ ಜಿಲ್ಲೆಯವರಾದ ನಮಗೆ ದೂರದ್ದಲ್ಲ. ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುತ್ತಿರುವ ಜೆಎಸ್‌ಡಬ್ಲ್ಯು ಸಮೂಹವೇ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಈ ಕ್ಲಬ್ಬಿನ ವಸತಿ ಅಕಾಡೆಮಿ ಇರುವುದೂ ನಮ್ಮ ಜಿಲ್ಲೆಯಲ್ಲೇ. ಸಂಡೂರಿನ ಸುತ್ತಮುತ್ತ ಸಂಜೆ ಹೊತ್ತು ಹೋದರೆ, ಬೆನ್ನ ಮೇಲೆ, ಈ ಕ್ಲಬ್ಬಿಗೆ ಬಂದ ಚೆಟ್ರಿಯ 11ನೇ ಸಂಖ್ಯೆಯಿರುವ ನೀಲಿ ಅಂಗಿ ತೊಟ್ಟು, ಅದಿರಿನ ಕೆಂಧೂಳು ಮೆತ್ತಿ ಬಣ್ಣವೇ ತಿಳಿಯದಂತಾದ ಚೆಂಡಿನ ಹಿಂದೆ ಓಡುವ ಹುಡುಗರು ಕಾಣುತ್ತಾರೆ. ಕ್ರಿಕೆಟ್ಟಿನ ಈ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

2025ರಲ್ಲಿ ಪ್ರಸಾರ ಮತ್ತು ವಾಣಿಜ್ಯ ಹಕ್ಕುಗಳ ಒಪ್ಪಂದ ನವೀಕರಣವಾಗದೆ ದೇಶದ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅತಂತ್ರವಾದಾಗ, ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಕಿರಿಯರ ತಂಡಗಳಿಗೆ ಇದರ ಬಾಧೆ ತಟ್ಟುವುದಿಲ್ಲ ಎಂಬ ಭರವಸೆಯನ್ನೂ ಕ್ಲಬ್ ಕೊಟ್ಟಿತು. ಆ ಮಾತನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಮನೆ ಬಿಟ್ಟು ಬಂದು, ಓದು ಮತ್ತು ಆಟ ಎರಡನ್ನೂ ಅಕಾಡೆಮಿಯನ್ನೇ ನಂಬಿ ನಡೆಸುವ ಹದಿನಾಲ್ಕರ ಹುಡುಗನ ಭವಿಷ್ಯ ಮಾಲೀಕರ ಒಳ್ಳೆಯತನವೊಂದರ ಮೇಲೆ ನಿಲ್ಲಬಾರದು. ಕಂಪನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ವರ್ಷ ವರ್ಷವೂ ನಷ್ಟ ಹೊತ್ತು ಇಷ್ಟು ಕಾಲ ಆಟವನ್ನು ಉಳಿಸಿದವರೂ ಅವರೇ. ಕೊರತೆ ಇರುವುದು ನಿಯಮದಲ್ಲಿ.

ಕ್ಲಬ್‌ಗಳಿಗೆ ಲೈಸೆನ್ಸ್ ಕೊಡುವ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ತಂಡ ಮುಚ್ಚಬಯಸುವವರು ಒಂದು ಪೂರ್ಣ ಋತುವಿನ ಮೊದಲೇ ನೋಟಿಸ್ ಕೊಡುವುದನ್ನು ಕಡ್ಡಾಯ ಮಾಡಬೇಕು. ಆಟಗಾರರ ಉಳಿದ ಕರಾರಿನ ವೇತನಕ್ಕೂ ಅಕಾಡೆಮಿ ಮಕ್ಕಳು ಹಿಡಿದ ಓದು ಮುಗಿಸುವ ಖರ್ಚಿಗೂ ಸಾಲುವಷ್ಟು ಠೇವಣಿಯನ್ನು ಲೈಸೆನ್ಸ್ ಕೊಡುವಾಗಲೇ ಪಡೆದಿರಬೇಕು. ರಾಜ್ಯದ ಕ್ರೀಡಾ ಇಲಾಖೆಯೂ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಈ ಬೇಡಿಕೆಯನ್ನು ದೆಹಲಿಗೆ ಮುಟ್ಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಫುಟ್‌ಬಾಲ್ ಅಭಿಮಾನಿ, ಸಂಡೂರು, ಬಳ್ಳಾರಿ ಜಿಲ್ಲೆ