ಶುಕ್ರವಾರದ ಮೈಸೂರು ರೇಸ್ ಕೋರ್ಸ್ ಭೇಟಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಮೈಸೂರು ರೇಸ್ ಕ್ಲಬ್ಬಿಗೆ ಹೋಗುವುದು ಖಚಿತ. 1891ರಲ್ಲಿ ಶುರುವಾದ ಕ್ಲಬ್ಬು, ಟ್ರ್ಯಾಕ್ ಇರುವುದು ಚಾಮುಂಡಿ ಬೆಟ್ಟದ ಬುಡದಲ್ಲಿ. ಹೆಸರು ಕೊಟ್ಟವರೆಲ್ಲ ಮಧ್ಯಾಹ್ನ 12.30ಕ್ಕೆ ಗೇಟಿನ ಹತ್ತಿರ ಸೇರಿ.

ಮೊದಲು ರೇಸ್ ಪುಸ್ತಕ ಕೊಳ್ಳಿ. ಜಾಕಿಯ (ಕುದುರೆ ಸವಾರನ) ಅಂಗಿಯ ಬಣ್ಣ, ಕುದುರೆ ಹೊರುವ ತೂಕ ಎಲ್ಲ ಅದರಲ್ಲಿರುತ್ತದೆ. ಪ್ರತಿ ರೇಸಿಗೂ ಮುಂಚೆ ಪ್ಯಾಡಾಕಿನಲ್ಲಿ, ಅಂದರೆ ಓಟಕ್ಕೆ ಮುನ್ನ ಕುದುರೆಗಳನ್ನು ತೋರಿಸುವ ಆವರಣದಲ್ಲಿ, ಕುದುರೆಗಳನ್ನು ಸುತ್ತಾಡಿಸುತ್ತಾರೆ, ತಪ್ಪಿಸಿಕೊಳ್ಳಬೇಡಿ (ನನ್ನ ಪ್ರಕಾರ ಓಟಕ್ಕಿಂತ ಅದೇ ಚೆಂದ). ಅಲ್ಲಿ ಛತ್ರಿ ಬಿಚ್ಚುವುದು, ಫ್ಲ್ಯಾಶ್ ಹಾಕುವುದು ಬೇಡ, ಕುದುರೆ ಬೆದರುತ್ತದೆ.

ಬಾಜಿ ಕಟ್ಟುವವರು ಟಿಕೆಟ್ಟಿನಲ್ಲಿರುವ ರೇಸ್ ನಂಬರ್, ಕುದುರೆ ನಂಬರ್ ಕೌಂಟರಿನಲ್ಲೇ ನೋಡಿಕೊಳ್ಳಿ. ಸೋತೆವೆಂದು ತಕ್ಷಣ ಹರಿದು ಬಿಸಾಡಬೇಡಿ: ಓಟದಲ್ಲಿ ಒಬ್ಬ ಜಾಕಿ ಇನ್ನೊಬ್ಬರಿಗೆ ಅಡ್ಡ ಬಂದರೆಂದು ಆಬ್ಜೆಕ್ಷನ್ (ದೂರು) ಬಿದ್ದರೆ ಸ್ಥಾನಗಳು ಅದಲುಬದಲಾಗಬಹುದು. 18 ತುಂಬದವರಿಗೆ ಬಾಜಿ ಇಲ್ಲ.

ಕಾರು ತರುವವರು ಎಷ್ಟು ಸೀಟು ಖಾಲಿ ಎಂದು ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.